ಡಬ್ಬಿಯಲ್ಲಿ ಸುಮ್ಮನೆ ಕೂತಿರುವ ತೊಂಬತ್ತೈದು ಪಾಲಿನವರ ಸನ್ನಿಧಾನಕ್ಕೆ

ಇವರಿಗೆ: ಶ್ರೀ ಜಡ ಪದಾರ್ಥಗಳು (ಪೂರ್ಣ ಹೆಸರು ತಿಳಿದಿಲ್ಲ, ತಿಳಿದವರು ಹೇಳಲು ಒಪ್ಪಿಲ್ಲ), ಒಂದು ಲೀಟರ್ ಡಬ್ಬಿ, ಮುಚ್ಚಳದ ಕೆಳಗೆ.
ಇವರಿಂದ: ದೇವಯ್ಯ, ಅರ್ಜಿ ಬರಹಗಾರ, ಚಾಮರಾಜಪೇಟೆ.
ವಿಷಯ: ತಮ್ಮ ಹೆಸರನ್ನು ದಯಮಾಡಿ ತಿಳಿಸುವ ಬಗ್ಗೆ.

ಮಾನ್ಯರೇ,

ತಮ್ಮ ಪಾದಾರವಿಂದಗಳಿಗೆ, ಪಾದ ಎಂಬುದು ತಮಗೆ ಇದ್ದ ಪಕ್ಷದಲ್ಲಿ, ಚಾಮರಾಜಪೇಟೆಯ ವಠಾರವೊಂದರ ಕೊನೆಯ ಮನೆಯಿಂದ ದೇವಯ್ಯ ಮಾಡುವ ಅನಂತ ನಮಸ್ಕಾರಗಳು. ನಾವು ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ಆದರೆ ಮೂವತ್ತೆಂಟು ವರ್ಷಗಳಿಂದ ಉಪ್ಪಾರಪೇಟೆಯಲ್ಲಿ, ಸರಕಾರಿ ಕಚೇರಿಯೊಂದರ ಗೇಟಿನ ಹೊರಗೆ, ಹೊಂಗೆ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಊರವರ ಅರ್ಜಿಗಳನ್ನು ಬರೆದುಕೊಡುತ್ತಿರುವ ನಾನು, ಸುಳ್ಳನ್ನು ಮೊದಲ ಸಾಲಿನಲ್ಲೇ ಶುರು ಮಾಡಬಾರದು, ಎರಡನೆಯ ಪ್ಯಾರಾದವರೆಗಾದರೂ ತಡೆಯಬೇಕು ಎಂಬ ನಿಯಮ ಇಟ್ಟುಕೊಂಡವನಾದ್ದರಿಂದ ಆ ಮಾತನ್ನು ಬಿಡುತ್ತೇನೆ. ತಾವಂತೂ ಕ್ಷೇಮವಾಗಿರುವಿರಿ, ಅದು ನನಗೆ ಚೆನ್ನಾಗಿ ಗೊತ್ತು.

ತಾವು ಯಾರೆಂದು ಈ ಬಹಿರಂಗ ಪತ್ರವನ್ನು ಓದುವ ಸಾರ್ವಜನಿಕರಿಗೆ ಮೊದಲು ಪರಿಚಯ ಮಾಡಿಸುವುದು ಮರ್ಯಾದೆ. ಹೂವಿನ ಗಿಡಕ್ಕೆ ಹುಳ ಬಿದ್ದಾಗ ರೈತರು ಹೊಡೆಯುವ ಔಷಧಿಯ ಖಾಲಿ ಡಬ್ಬಿಯೊಂದು ಈಗ ನನ್ನ ಎದುರಿಗಿದೆ. ಅದರ ಮೇಲಿನ ಚೀಟಿಯಲ್ಲಿ, ಇರುವೆಗಳು ಓದಿಕೊಳ್ಳಲಿ ಎಂದು ಅಚ್ಚು ಹಾಕಿಸಿದಷ್ಟು ಸಣ್ಣ ಅಕ್ಷರದಲ್ಲಿ, ಸಕ್ರಿಯ ಪದಾರ್ಥ ನೂರಕ್ಕೆ ಐದು ಪಾಲು, ಜಡ ಪದಾರ್ಥ ನೂರಕ್ಕೆ ತೊಂಬತ್ತೈದು ಪಾಲು ಎಂದು ಬರೆದಿದೆ. ಆ ಐದು ಪಾಲಿನವರಿಗೆ ಒಂದೇ ಉಸಿರಿಗೆ ಹೇಳಲಾಗದಷ್ಟು ಉದ್ದನೆಯ ಹೆಸರಿದೆ. ಹುಳ ಕೊಲ್ಲುವ ಕೆಲಸವಿದೆ. ಪಕ್ಕದಲ್ಲಿ ತಲೆಬುರುಡೆಯ ಚಿತ್ರ ಹಾಕಿಸಿಕೊಳ್ಳುವ ಗೌರವವೂ ಇದೆ. ತೊಂಬತ್ತೈದು ಪಾಲಿನವರಾದ ತಮಗೆ ಹೆಸರಿಲ್ಲ, ಊರಿಲ್ಲ, ಕೆಲಸವಂತೂ ಮೊದಲೇ ಇಲ್ಲ. ಕಚೇರಿಗಳ ಗೇಟಿನಲ್ಲೇ ಜೀವ ಸವೆಸಿದ ನಾನು ಏನೂ ಮಾಡದವರನ್ನು ಬೇಕಾದಷ್ಟು ಕಂಡಿದ್ದೇನೆ ಸ್ವಾಮಿ. ಆದರೆ ಏನೂ ಮಾಡುವುದಿಲ್ಲವೆಂದು ಮೈಮೇಲೆಯೇ ಅಚ್ಚು ಹಾಕಿಸಿಕೊಂಡು, ಅದಕ್ಕೊಂದು ಮೊಹರನ್ನೂ ಒತ್ತಿಸಿಕೊಂಡು, ಡಬ್ಬಿ ತುಂಬ ಕಾಲು ಚಾಚಿ ಕೂತವರನ್ನು ಕಂಡದ್ದು ಇದೇ ಮೊದಲು. ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಗಿದೆ.

ಇನ್ನು ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿ ಅಂಜಿನಮ್ಮ ಮೂವತ್ತೊಂದು ವರ್ಷಗಳಿಂದ ಗಾಂಧಿ ಬಜಾರಿನಲ್ಲಿ, ಒಂದು ಕಾಫಿಪುಡಿ ಅಂಗಡಿಯ ಮೆಟ್ಟಿಲ ಪಕ್ಕ ಕೂತು ಹೂವು ಕಟ್ಟಿ ಮಾರುವವಳು. ಬೇರೆಯವರು ಕಟ್ಟಿದ ಕನಕಾಂಬರ ಮನೆ ಮುಟ್ಟುವಷ್ಟರಲ್ಲಿ ಒಂದೊಂದೇ ಜಾರಿ ದಾರ ಮಾತ್ರ ಉಳಿಯುವುದುಂಟು. ಇವಳು ಕಟ್ಟಿದ್ದು ಒಣಗಿ ಪುಡಿಯಾದರೂ ಗಂಟು ಬಿಡುವುದಿಲ್ಲ. ಬಸವನಗುಡಿಯ ಅರ್ಧ ಮದುವೆಗಳು ಈ ಗಂಟಿನ ಮೇಲೆ ನಡೆದಿವೆ ಎಂದು ನಾನು ತಮಾಷೆ ಮಾಡಿದರೆ, ಮಿಕ್ಕರ್ಧ ಯಾರು ಮಾಡ್ಸಿದ್ರಂತೆ ಎಂದು ಕೇಳುವಷ್ಟು ಜಂಬವೂ ಅವಳಿಗಿದೆ. ಅಂಥ ಕೈ ಯುಗಾದಿ ಕಳೆದ ಮೇಲೆ ಕೆಂಪಾಯಿತು, ತುರಿಸಿತು, ನೀರುಗುಳ್ಳೆ ಎದ್ದಿತು, ಬೆರಳ ತುದಿಯ ಚರ್ಮ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಈಗ ಶ್ರಾವಣ. ನಾಲ್ಕು ತಿಂಗಳಿಂದ ಅವಳು ಒಂದು ಮೊಳ ಹೂವು ಕಟ್ಟಿಲ್ಲ. ರೇಷನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದರೆ, ಇಂಥವರು ಯಾರೂ ಇಲ್ಲ ಎನ್ನುತ್ತದೆ. ತಮ್ಮ ಹೆಸರನ್ನು ಮುಚ್ಚಿಟ್ಟುಕೊಂಡದ್ದು ಸಾಲದೆ ಅವಳ ಗುರುತನ್ನೂ ಒರೆಸಿ ಹಾಕಿದಿರಲ್ಲ, ಏನೂ ಮಾಡದೆ ಕೂತವರ ಕೈಯಲ್ಲಿ ಇಷ್ಟಾಗುವುದಾದರೆ ಮನಸ್ಸಿಟ್ಟು ದುಡಿದಿದ್ದರೆ ಏನೇನಾಗುತ್ತಿತ್ತೋ ಎಂದು ನೆನೆದು ನಾನು ತಮಗೆ ಕೃತಜ್ಞನಾಗಿದ್ದೇನೆ.

ಕೈಗೆ ಗ್ಲೌಸ್ ಹಾಕಿಕೊಳ್ಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಹಾಕಿಕೊಂಡಳು. ಅರ್ಧ ಗಂಟೆ ಗುದ್ದಾಡಿ, ಕಿತ್ತು ಬಿಸಾಕಿ, "ಇದು ಕೊಡೆ ಹಿಡ್ಕೊಂಡು ಸ್ನಾನ ಮಾಡ್ದಂಗಿದೆ ಕಣ್ರೀ" ಎಂದಳು. ಅವಳ ಜಾಗವನ್ನು ಪಕ್ಕದಲ್ಲಿ ಕೂರುವ ಅಲಮೇಲು ತನ್ನದೇ ಎರಡನೆಯ ಬುಟ್ಟಿ ಇಟ್ಟು ಕಾಯುತ್ತಿದ್ದಾಳೆ, ಮೊನ್ನೆ ಮನೆಗೆ ಬಂದವಳು, "ಅಕ್ಕಾ, ವರಮಹಾಲಕ್ಷ್ಮಿ ಹಬ್ಬದೊಳಗೆ ಬಂದ್ಬಿಡಿ. ಆಮೇಲೆ ಜಾಗ ನನ್ನ ಕೈಲಿ ಉಳಿಸ್ಕೊಳ್ಳಕ್ಕಾಗಲ್ಲ" ಎಂದು ಹೇಳಿ ಹೋಗಿದ್ದಾಳೆ. ಹಬ್ಬಕ್ಕೆ ಇನ್ನು ಹನ್ನೊಂದು ದಿನವಿದೆ. ಅಷ್ಟರಲ್ಲಿ ಅಂಜಿನಮ್ಮ ಹೋಗಿ ಕೂರಬೇಕು, ಕಟ್ಟಬೇಕು. ಅವಳಿಗೆ ಬೇಕಾದದ್ದು ಇಷ್ಟೇ.

ತಮ್ಮ ವಿಳಾಸ ನಮಗೆ ಸಿಕ್ಕಿದ್ದು ಮರಿಯಣ್ಣನವರಿಂದ. ಕನಕಪುರ ರಸ್ತೆಯ ಕಡೆ ಒಂದು ಎಕರೆಯಲ್ಲಿ ಕನಕಾಂಬರ, ಮಲ್ಲಿಗೆ ಬೆಳೆದು ನಮಗೆ ಹೂವು ಕೊಡುವವರು ಅವರು. ಅಂಜಿನಮ್ಮನ ಕೈ ನೋಡಿ ಹೌಹಾರಿದ ಅವರು ಮಾರನೆಯ ದಿನವೇ ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದು, ಹೊಸ್ತಿಲ ಹೊರಗೇ ಇಟ್ಟು, "ಅಕ್ಕಾ, ಯುಗಾದಿಗೆ ಮುಂಚೆ ಅಂಗಡಿಯವ್ನು ಹೊಸ ಔಷಧಿ ಅಂತ ಕೊಟ್ಟ, ಹೊಡ್ದೆ. ಹೊಡ್ದಾಗೆಲ್ಲ ನನ್ಗೂ ಕತ್ತು ಉರಿಯತ್ತೆ. ಔಷಧಿ ಅಂದ್ಮೇಲೆ ಉರೀಬೇಕಲ್ವಾ ಅಂತ ಸುಮ್ನಿದ್ದೆ" ಎಂದರು. ಅವರು ಅಂದಿಗೇ ಅದನ್ನು ನಿಲ್ಲಿಸಿದರು. ಆದರೆ ಮಾರ್ಕೆಟ್ಟಿಗೆ ನೂರಾರು ತೋಟದ ಹೂವು ಬಂದು ಒಂದೇ ರಾಶಿಯಾಗುತ್ತದೆ; ಯಾವ ರಾಶಿಯಲ್ಲಿ ತಾವು ಬಿಜಯಂಗೈದಿರುವಿರೋ ಬರಿಗಣ್ಣಿಗೆ ಕಾಣುವುದಿಲ್ಲ.

ವಿಶ್ವೇಶ್ವರಪುರದಲ್ಲಿ ಚರ್ಮದ ಡಾಕ್ಟರು ಚೂಡಾಮಣಿಯವರಿದ್ದಾರೆ. ಅವರು ಕನಕಾಂಬರದ ಎಲೆ, ಮಲ್ಲಿಗೆಯ ಮೊಗ್ಗು, ದಾರದ ಬಣ್ಣ, ಜೊತೆಗೆ ಆ ಐದು ಪಾಲಿನ ಉದ್ದ ಹೆಸರಿನವರು, ಎಲ್ಲವನ್ನೂ ಚೂರುಚೂರೇ ಅಂಟುಪಟ್ಟಿಗೆ ಹಚ್ಚಿ ಅಂಜಿನಮ್ಮನ ಬೆನ್ನಿಗೆ ಅಂಟಿಸಿ ಎರಡು ದಿನ ಬಿಟ್ಟು ತೆಗೆದು ನೋಡಿದರು. ಬೆನ್ನು ಯಾವುದಕ್ಕೂ ಕಮಕ್ ಕಿಮಕ್ ಎನ್ನಲಿಲ್ಲ. "ಹೂವಿಗೂ ನಿಮ್ಗೂ ಜಗಳ ಇಲ್ಲಮ್ಮ" ಎಂದರು ಡಾಕ್ಟರಮ್ಮ. "ಹುಳ ಸಾಯ್ಸೋದಕ್ಕೂ ಜಗಳ ಇಲ್ಲ. ಮಿಕ್ಕಿದ್ರಲ್ಲಿ ಏನೇನಿದೆ ಅಂತ ಹೆಸರು ತಂದ್ಕೊಡಿ. ಹೆಸರು ಗೊತ್ತಾದ್ರೆ ಅದನ್ನೇ ಹಚ್ಚಿ ನೋಡ್ತೀನಿ, ಸರಿಯಾದ ಚಿಕಿತ್ಸೆ ಕೊಡ್ತೀನಿ, ಕೈ ವಾಪಸ್ ಬರತ್ತೆ. ಹೆಸರಿಲ್ದಿದ್ರೆ ನಾನು ಬರೀ ಮುಲಾಮು ಬದಲಾಯಿಸ್ತಾ ಕೂತಿರ್ಬೇಕಷ್ಟೆ." ಒಂದು ಹೆಸರು, ಮಾನ್ಯರೇ. ನಾಯಿಗೂ ಬೆಕ್ಕಿಗೂ ನಾವು ಕೇಳದೆಯೇ ಇಡುವಂಥದ್ದು.

ಔಷಧಿ ಡಬ್ಬಿಗಳ ಮೇಲೆ ನಿಗಾ ಇಡಲೆಂದೇ ಒಂದು ಕಚೇರಿಯಿದೆ, ಅದರೊಳಗೆ ಇತರೆ ಪದಾರ್ಥಗಳ ಶಾಖೆ ಎಂದೊಂದಿದೆ, ಆ ಶಾಖೆಗೆ ಮೂರ್ತಿ ಎಂಬ ಅಧಿಕಾರಿಗಳಿದ್ದಾರೆ. ನನ್ನ ಮೂರನೆಯ ಅರ್ಜಿಗೆ ಅವರು ಕೊಟ್ಟ ಉತ್ತರವನ್ನು ನಾನು ಚೌಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕಿದ್ದೇನೆ. ಅಷ್ಟು ಚೆಂದದ ಕನ್ನಡ ನನ್ನ ವೃತ್ತಿಯಲ್ಲಿ ನನಗೂ ಕೂಡಿ ಬಂದಿಲ್ಲ. ಅದು ಹೀಗಿದೆ: ಜಡ ಪದಾರ್ಥವು ಯಾವುದೇ ಕ್ರಿಯೆಯನ್ನು ನಡೆಸುವುದಿಲ್ಲವಾದ ಕಾರಣ ಅದರ ಕ್ರಿಯೆಯ ವಿರುದ್ಧ ಬಂದ ದೂರನ್ನು ಪರಿಗಣಿಸಲು ಅವಕಾಶವಿರುವುದಿಲ್ಲ. ಅದರ ಹೆಸರು ತಯಾರಕರ ವ್ಯಾಪಾರದ ಗುಟ್ಟಾಗಿರುವುದರಿಂದ ತಿಳಿಸಲು ಬರುವುದಿಲ್ಲ. ಹೆಚ್ಚಿನ ಮಾಹಿತಿ ಬೇಕಾದಲ್ಲಿ ಅರ್ಜಿದಾರರು ಸಂಬಂಧಪಟ್ಟವರನ್ನೇ ನೇರವಾಗಿ ಸಂಪರ್ಕಿಸತಕ್ಕದ್ದು. ಸಂಬಂಧಪಟ್ಟವರು ತಾವು. ಆದ್ದರಿಂದ ಈ ಪತ್ರ.

ಆದರೂ ಒಂದು ಸಂದೇಹ ಉಳಿದು, ಏನೂ ಮಾಡದವರಿಗೆ ಡಬ್ಬಿಯೊಳಗೆ ಏನು ಕೆಲಸ ಎಂದು ಮೂರ್ತಿಯವರನ್ನೇ ಹೋಗಿ ಕೇಳಿದೆ. ಅವರು ನನ್ನನ್ನು ಪಾಪದವನಂತೆ ನೋಡಿ, "ಎಲೆಗೆ ಅಂಟ್ಕೋಬೇಕಲ್ರೀ! ಹರಡ್ಕೋಬೇಕು, ಒಳಗಿಳೀಬೇಕು. ಇವ್ರಿಲ್ದೆ ಆ ಐದು ಪಾಲು ಏನ್ ಮಾಡತ್ತೆ, ಮಣ್ಣು?" ಎಂದರು. ಹಾಗಾದರೆ ಅದು ಕೆಲಸವಲ್ಲವೇ ಸಾರ್ ಎಂದೆ. "ಹುಳ ಸಾಯ್ಸೋದು ಕೆಲಸ. ಇದು ಸಹಾಯ. ಸಹಾಯಕ್ಕೆ ನಮ್ಮ ಫಾರಮ್ಮಲ್ಲಿ ಕಾಲಂ ಇಲ್ಲ" ಎಂದರು. ಅಂಟುವುದು, ಹರಡುವುದು, ಒಳಗಿಳಿಯುವುದು, ಈ ಮೂರೂ ತಮಗೆ ಕಾಲಹರಣ! ಎಲೆಯೊಳಗೆ ಇಳಿಯಬಲ್ಲವರು ಬೆರಳಿನೊಳಗೆ ಇಳಿಯಲಾರರೆಂದು ನಂಬಿಕೊಂಡಿರುವ ಶಾಖೆಯ ಮುಗ್ಧತೆಗೆ ನನ್ನ ಕಣ್ಣು ತುಂಬಿ ಬಂತು. ಮನೆಗೆ ಬಂದು ಹೇಳಿದರೆ ಅಂಜಿನಮ್ಮ, "ಓಹೋ! ಹಂಗಾದ್ರೆ ನಮ್ಮನೇಲಿ ಉಣ್ಣೋ ನೀವು ಸಕ್ರಿಯ, ಬೇಯ್ಸಿ ಹಾಕೋ ನಾನು ಜಡ" ಎಂದಳು. ಅಂದಿನ ಸಾರಿಗೆ ಉಪ್ಪಿರಲಿಲ್ಲ, ನಾನು ಕೇಳಲೂ ಇಲ್ಲ.

ಕೊನೆಗೆ ಶಾಖೆಯಿಂದ ಅಂಜಿನಮ್ಮನಿಗೆ ವಿಚಾರಣೆಗೆ ಕರೆ ಬಂತು. ಇಲ್ಲಿ ತಮಗೆ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು, ತಾವು ಹೊರಗಿನವರು. ದೇವರಿಗೆ ಏರಿಸುವ ಹೂವನ್ನು ನಾವು ಮೂಸುವುದಿಲ್ಲ. ಮೂಸಿದ ಹೂವು ಎಂಜಲು ಮಾಡಿದಂತೆ, ಅದು ದೇವರಿಗೆ ಸಲ್ಲದು. ಕೊಂಡುಹೋಗುವವರು ದೇವರ ಪಟಕ್ಕೆ ಹಾಕುತ್ತಾರೋ ಮುಡಿಗೆ ಮುಡಿಯುತ್ತಾರೋ ಮಾರುವವಳಿಗೆ ಹೇಗೆ ತಿಳಿಯಬೇಕು? ಆದ್ದರಿಂದ ಅವಳು ಯಾವ ಹೂವನ್ನೂ ಮೂಸುವಂತಿಲ್ಲ. ಅಂಜಿನಮ್ಮ ಏಳು ವರ್ಷದವಳಿದ್ದಾಗ ಒಂದು ಮಲ್ಲಿಗೆ ಮೊಗ್ಗನ್ನು ಮೂಗಿನ ಹತ್ತಿರ ತಂದದ್ದಕ್ಕೆ ಅವರಮ್ಮನಿಂದ ಕೆನ್ನೆಗೆ ಬಿದ್ದ ಏಟು ಅವಳಿಗೆ ಇನ್ನೂ ನೆನಪಿದೆ. ಹೂವಿನ ನಡುವೆಯೇ ಬದುಕಿದ ಆ ಹೆಣ್ಣು ಮುಖ ಒಂದು ಪಕ್ಕಕ್ಕೆ ಓರೆ ಮಾಡಿಕೊಂಡೇ ಕಟ್ಟುವುದು. ಒಂದು ಕಡೆ ಮರುಗ, ದವನ, ಎದುರಿಗೆ ಊದುಬತ್ತಿ, ಹಿಂದೆ ಕಾಫಿಪುಡಿ. ಇವುಗಳ ನಡುವೆ ತಮ್ಮ ಸುಳಿವು ತಾನಾಗಿ ಹತ್ತುವುದೂ ಸಾಧ್ಯವಿರಲಿಲ್ಲ. ತಾವು ಎಲ್ಲಿ ಬಂದು ಸೇರಿಕೊಂಡಿರಿ ನೋಡಿ! ಇಡೀ ಬೆಂಗಳೂರಿನಲ್ಲಿ ಯಾರೂ ಮೂಗು ಹಾಕದ ಜಾಗ ಇದೊಂದೇ.

ಮೂರ್ತಿಯವರ ಫಾರಮ್ಮಿನ ಹನ್ನೊಂದನೆಯ ಕಾಲಮ್ಮಿನಲ್ಲಿ, ಅಸಹಜ ವಾಸನೆ: ಇತ್ತು, ಇಲ್ಲ, ಎಂದಿತ್ತು. ವಾಸನೆ ಬಂತೇನಮ್ಮ ಎಂದು ಅವರು ಕೇಳಿದ್ದಾರೆ. ಇವಳು ಗಾಬರಿಯಿಂದ, "ಅಯ್ಯೋ, ದೇವ್ರಿಗೆ ಹೋಗೋ ಹೂವನ್ನ ಯಾರಾದ್ರೂ ಮೂಸ್ತಾರಾ ಸ್ವಾಮಿ? ನಮ್ಮಪ್ಪನಾಣೆ, ಒಂದಿನಾನೂ ಮೂಸಿಲ್ಲ" ಎಂದಿದ್ದಾಳೆ. ಅವರು ಇಲ್ಲ ಎಂಬುದಕ್ಕೆ ಗುರುತು ಹಾಕಿ ಸಹಿ ತೆಗೆದುಕೊಂಡಿದ್ದಾರೆ. ಅಸಹಜ ವಾಸನೆ ಇರಲಿಲ್ಲವೆಂದು ಅರ್ಜಿದಾರರೇ ಒಪ್ಪಿರುವುದರಿಂದ ಕಡತ ಮುಕ್ತಾಯ. ಓದದೆ ಸಹಿ ಹಾಕಬೇಡಿ, ಓದದೆ ಸಹಿ ಹಾಕಬೇಡಿ ಎಂದು ಮೂವತ್ತೆಂಟು ವರ್ಷ ಊರಿಗೆಲ್ಲ ಬಾಯಿ ಬಡಿದುಕೊಂಡ ನಾನು ಆ ಹೊತ್ತಿನಲ್ಲಿ ಎಲ್ಲಿದ್ದೆ ಎನ್ನುವಿರೋ? ಎದುರಿನ ಅಂಗಡಿಯಲ್ಲಿ ಡಬ್ಬಿಯ ಚೀಟಿಯನ್ನು ಜೆರಾಕ್ಸ್ ಮಾಡಿಸುತ್ತಿದ್ದೆ. ಅಕ್ಷರ ಎಷ್ಟು ದೊಡ್ಡದು ಮಾಡಿದರೂ ತಮ್ಮ ಹೆಸರು ಅದರಲ್ಲಿರಲಿಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ನನ್ನ ಬಿನ್ನಹ ಹೀಗಿದೆ. ತಾವು ಬಿಡುವು ಮಾಡಿಕೊಂಡು, ಬಿಡುವಿಗೇನೂ ತಮ್ಮಲ್ಲಿ ಕೊರತೆಯಿರಲಾರದು, ಒಮ್ಮೆ ನಮ್ಮ ವಠಾರಕ್ಕೆ ದಯಮಾಡಿಸಿ, ಆಧಾರ್ ಕಾರ್ಡಿನ ಪ್ರತಿಯೊಂದನ್ನು ಕೊಟ್ಟು, ಕಾಫಿ ಕುಡಿದು ಹೋಗಬೇಕು. ಅದು ಕಷ್ಟವಾದರೆ ನೂರಕ್ಕೆ ತೊಂಬತ್ತೈದು ಪಾಲಿನಲ್ಲಿ ಯಾರಾದರೊಬ್ಬ ಚಿಕ್ಕಪ್ಪನ ಮಗನೋ ಷಡ್ಡಕನೋ ಡಾಕ್ಟರಮ್ಮನಿಗೆ ಒಂದು ಫೋನ್ ಮಾಡಿದರೂ ಸಾಕು. ತಮಗೆ ನಾಚಿಕೆಯಾಗುವುದಾದರೆ ಅಡ್ಡಹೆಸರು ಹೇಳಿದರೂ ನಡೆಯುತ್ತದೆ. ಅದೂ ಆಗದಿದ್ದರೆ ತಾವು ಇತರೆ ಪದಾರ್ಥಗಳ ಶಾಖೆಯ ಅಧಿಕಾರವನ್ನೇ ವಹಿಸಿಕೊಳ್ಳಬೇಕು. ತಮಗಿರುವ ಅರ್ಹತೆಯ ಎದುರು ಮೂರ್ತಿಯವರದು ಏನೂ ಅಲ್ಲ, ಅವರು ಆಗೊಮ್ಮೆ ಈಗೊಮ್ಮೆಯಾದರೂ ಫಾರಮ್ಮಿಗೆ ಗುರುತು ಹಾಕಿಬಿಡುತ್ತಾರೆ. ತಾವು ಬಂದರೆ ಕಚೇರಿಯ ಹೆಸರಿಗೂ ಕೆಲಸಕ್ಕೂ ಹೊಂದಾಣಿಕೆಯಾಗುತ್ತದೆ.

ಇಲ್ಲಿಗೆ ಪತ್ರ ಮುಗಿಸಿ ಸಹಿ ಹಾಕಬೇಕೆಂದಿದ್ದೆ. ಆದರೆ ನಿನ್ನೆ ಬೆಳಿಗ್ಗೆ ನಡೆದದ್ದನ್ನು ಬರೆಯದೆ ಬಿಟ್ಟರೆ ತಪ್ಪಾಗುತ್ತದೆ.

ಅಂಜಿನಮ್ಮ ಅಲಮೇಲುವಿಗೆ ಹೇಳಿ ಮಾರ್ಕೆಟ್ಟಿನಿಂದ ಒಂದು ಬುಟ್ಟಿ ಬಿಡಿ ಕನಕಾಂಬರ ತರಿಸಿದಳು. ದೇವರ ಗೂಡಿನ ಮುಂದೆ ನಿಂತು ಗಲ್ಲ ಗಲ್ಲ ಬಡಿದುಕೊಂಡಳು. ಆಮೇಲೆ ಹೊಸ್ತಿಲ ಮೇಲೆ ಕೂತು, ಒಂದು ಹಿಡಿ ಹೂವೆತ್ತಿ, ಮುಖದ ಹತ್ತಿರ ತಂದು, ಕಣ್ಣು ಮುಚ್ಚಿ ಮೂಸಿದಳು. ಕನಕಾಂಬರಕ್ಕೆ ವಾಸನೆಯೇ ಇಲ್ಲವೆಂಬುದು ಬಸವನಗುಡಿಯ ಕೂಸಿಗೂ ಗೊತ್ತು, ಮಾನ್ಯರೇ. ಅವಳು ನನ್ನತ್ತ ತಿರುಗಿ, "ಕನಕಾಂಬರಕ್ಕೆ ವಾಸ್ನೆ ಬಂದಿದೆ ಕಣ್ರೀ" ಎಂದಳು. ನಾನೂ ಮೂಸಿದೆ. ಸೀಮೆಎಣ್ಣೆ, ಅದರ ಹಿಂದೆಯೇ ಹೊಸ ಚಪ್ಪಲಿ ಅಂಗಡಿ. ತಮ್ಮನ್ನು ಮುಖತಃ ಭೇಟಿಯಾದ ಭಾಗ್ಯ ನನಗೆ ದೊರೆತದ್ದು ಹೀಗೆ.

ಇಷ್ಟು ದಿನ ಕೈ ಸುಲಿದಾಗ ಅಳದವಳು ಆಗ ಅತ್ತಳು. "ಎಷ್ಟು ದಿನ ಇದನ್ನ ಗುಡೀಲಿರೋ ತಾಯಿ ಮೂಗಿನ ಕೆಳಗೆ ಕಟ್ಟಿದ್ನೋ. ಹೆಣ್ಮಕ್ಕಳ ತಲೆಗೆ ಕೊಟ್ನಲ್ಲ. ಒಂದೇ ಒಂದಿನ ಮೂಸಿದ್ರೆ ಗೊತ್ತಾಗ್ತಿತ್ತು" ಎಂದಳು. ಮಡಿ ಕೆಡಬಾರದೆಂದು ಅರವತ್ತರ ಹತ್ತಿರದವರೆಗೂ ಮುಖ ತಿರುಗಿಸಿಕೊಂಡೇ ಕೂತ ಹೆಣ್ಣಿಗೆ ನಾನು ಏನೆಂದು ಸಮಾಧಾನ ಹೇಳಲಿ? ತಮಗೆ ಇಷ್ಟು ಹೊತ್ತು ಬಹುವಚನ ಕೊಟ್ಟು ಬರೆದದ್ದಕ್ಕೆ ನನ್ನ ಟೈಪ್‌ರೈಟರಿನ ಮುಂದೆ ನಾನೇ ತಲೆ ತಗ್ಗಿಸಿದ್ದೇನೆ. ಆದರೂ ಅರ್ಜಿ ಎಂದ ಮೇಲೆ ಮರ್ಯಾದೆ ತಪ್ಪಬಾರದು, ತಪ್ಪುವುದಿಲ್ಲ.

ತಮ್ಮ ಹೆಸರು ಕೈ ಸೇರುವವರೆಗೆ ವಾರಕ್ಕೊಂದರಂತೆ ಬರೆಯುತ್ತಲೇ ಇರುವ, ತಾವು ಯಾರೆಂದು ತಿಳಿಯದಿದ್ದರೂ ಎಲ್ಲಿರುವಿರೆಂದು ಮೂಗಿನಿಂದ ಬಲ್ಲ,

ತಮ್ಮ ವಿಶ್ವಾಸಿ,
ದೇವಯ್ಯ

ಮರೆತ ಮಾತು: ಮೂಸಿದ ಆ ಬುಟ್ಟಿ ಹೂವು ಇನ್ನು ದೇವರಿಗೂ ಸಲ್ಲದು, ಮುಡಿಗೂ ಸಲ್ಲದು. ಆದ್ದರಿಂದ ಶಾಖೆಗೆ ಸಲ್ಲಿಸುತ್ತಿದ್ದೇವೆ. ಡಾಕ್ಟರಮ್ಮನಿಗೆ ಹೇಳದೆ, ನಾನು ಬೈದರೂ ಕೇಳದೆ, ಅಂಜಿನಮ್ಮ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತು ಅದನ್ನು ಒಂದು ಮಾರು ಮಾಲೆ ಕಟ್ಟಿದ್ದಾಳೆ. ನಾಳೆ ಬೆಳಿಗ್ಗೆ ಇಬ್ಬರೂ ಹೋಗಿ ಅದನ್ನು ಮೂರ್ತಿಯವರ ಮೇಜಿನ ಮೇಲಿಟ್ಟು, ಮೂಸಿ ನೋಡಿ ಹನ್ನೊಂದನೆಯ ಕಾಲಮ್ಮನ್ನು ತಿದ್ದಿಕೊಡಬೇಕೆಂದು ಕೇಳಿಕೊಂಡು, ಅವರು ಮೂಸುವವರೆಗೂ ಅಲ್ಲೇ ಕೂತಿರುತ್ತೇವೆ. ಮಾಲೆಯ ಗಂಟುಗಳು ಅಲ್ಲಲ್ಲಿ ಸಡಿಲವಾಗಿವೆ, ಈಗಾಗಲೇ ನಾಲ್ಕಾರು ಹೂವು ಜಾರಿವೆ. "ಇದು ನಾನು ಕಟ್ಟಿದ್ದು ಅಂತ ಮಾತ್ರ ಯಾರಿಗೂ ಹೇಳ್ಬೇಡಿ" ಎಂದು ಅವಳು ನನ್ನಿಂದ ಭಾಷೆ ತೆಗೆದುಕೊಂಡಿದ್ದಾಳೆ. ಅದರಂತೆ, ಮಾಲೆಗೆ ಅಂಟಿಸಿದ ಚೀಟಿಯಲ್ಲಿ ಕಟ್ಟಿದವರು ಎಂಬಲ್ಲಿ ನಾನು ತಮ್ಮ ಹೆಸರನ್ನೇ ಬರೆದಿದ್ದೇನೆ: ಜಡ ಪದಾರ್ಥ, ನೂರಕ್ಕೆ ತೊಂಬತ್ತೈದು ಪಾಲು.